ಹೊಟ್ಟೆಗೆ ಕಟ್ಟಿದ ಪಟ್ಟ

ಊಟ ಬಲ್ಲವನಿಗೆ ಜಗಳವಿಲ್ಲ, ಮಾತು ಬಲ್ಲವನಿಗೆ ರೋಗವಿಲ್ಲ. ಗಾದೆ ತಿರುಗುಮುರುಗಾಯಿತು ಎನ್ನುವವರು ಸ್ವಲ್ಪ ತಾಳಬೇಕು. ಇದು ಖರೇ ನಡೆದ ಕಥೆ. ಇದರಲ್ಲಿ ಗಾದೆಗಿಂತ ಮೊದಲು ತಿರುಗುಮುರುಗಾದದ್ದು ಒಬ್ಬನ ಜಠರ.

ಆ ಜಠರದ ಯಜಮಾನ ಈರಬಸಪ್ಪ, ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಸಗಟು ವ್ಯಾಪಾರಿ, ಶ್ರಾವಣದ ಕಡೆಯ ಸೋಮವಾರ ಬೆಳಿಗ್ಗೆ ವಿಮಾನ ನಗರದ ತನ್ನ ಫ್ಲ್ಯಾಟಿನ ಬಚ್ಚಲಲ್ಲಿ ಬೇಸಿನ್ನಿನ ಅಂಚು ಹಿಡಿದು ನಿಂತಿದ್ದ. ಕುಡಿದ ಮಜ್ಜಿಗೆ ಕೆಳಗೂ ಇಳಿಯದೆ ಮೇಲೂ ಏರದೆ, ಎದೆಗೂಡಿನ ಕೆಳಗೆ ಸರಕಾರಿ ಕಚೇರಿಯ ಅರ್ಜಿಯಂತೆ ಕೂತಿತ್ತು. ಕನ್ನಡಿಯಲ್ಲಿದ್ದ ಮುಖ ಅವನದೇ. ಆದರೆ ಎರಡು ವರ್ಷದ ಹಿಂದೆ ಆ ಮುಖದಲ್ಲಿ ಇಬ್ಬರು ವಾಸವಾಗಿದ್ದರು; ಒಬ್ಬ ಮನೆ ಖಾಲಿ ಮಾಡಿ ಹೋಗಿದ್ದ, ಅವನು ಬಿಟ್ಟುಹೋದ ಪರದೆಗಳಂತೆ ಗಲ್ಲದ ಚರ್ಮ ಜೋತುಬಿದ್ದಿತ್ತು. ಈರಬಸಪ್ಪ ಆ ಮುಖವನ್ನು ತಿರಸ್ಕಾರದಿಂದ ನೋಡಿದ. ಅದೂ ಹಾಗೇ ನೋಡಿತು. ಆಗ, 2004ರಲ್ಲಿ, ಡಾಕ್ಟರು ಅವನ ಜಠರದ ಕೊರಳಿಗೆ ಒಂದು ಸಿಲಿಕಾನ್ ಪಟ್ಟಿ ಬಿಗಿದು, ಅದರಿಂದ ಸಣ್ಣ ನಳಿಕೆಯೊಂದನ್ನು ತಂದು, ಹೊಟ್ಟೆಯ ಎಡಬದಿಗೆ ಚರ್ಮದ ಕೆಳಗೆ ಕೋಟಿನ ಗುಂಡಿಯಂಥ ಬಿಲ್ಲೆಯನ್ನು ಹೊಲಿದಿದ್ದರು. ಬಿಲ್ಲೆಗೆ ಸೂಜಿ ಚುಚ್ಚಿ ಉಪ್ಪುನೀರು ತುಂಬಿದರೆ ಪಟ್ಟಿ ಬಿಗಿ, ಹೀರಿದರೆ ಸಡಿಲ. ಎರಡು ತುತ್ತಿಗೆ ಹೊಟ್ಟೆ ತುಂಬಬೇಕು, ಮೂರನೆಯದು ಹೋದ ದಾರಿಯಲ್ಲೇ ಹಿಂದಿರುಗಬೇಕು. ಜನಕ್ಕೆಲ್ಲ ಹೇಳಿದ್ದು ಲೋಣಾವಳಾದಲ್ಲಿ ನಿಸರ್ಗೋಪಚಾರ ಎಂದು. ಸುಳ್ಳಿಗೆ ಸಾಕ್ಷಿಯಾಗಿ ಹೆಂಡತಿ ಪಾರವ್ವ ಅಕ್ಕಪಕ್ಕದವರಿಗೆ ಅಲ್ಲಿಯ ಹೆಸರುವಾಸಿ ಚಿಕ್ಕಿಯನ್ನೂ ಹಂಚಿದ್ದಳು, ಪುಣೆ ಸ್ಟೇಷನ್ನಿನ ಎದುರಿನ ಅಂಗಡಿಯಲ್ಲಿ ಕೊಂಡು.

"ಬಂತೇನ್ರಿ?" ಬಾಗಿಲಾಚೆಯಿಂದ ಹೆಂಡತಿ ಕೇಳಿದಳು.

"ಏನು?"

"ಮಜ್ಜಿಗಿ. ಬರೂದಿದ್ರ ಇಲ್ಲೇ ಬರ್ಲಿ. ಅಲ್ಲಿ ಮಂಡಳಿ ಹಾಲಿನ್ಯಾಗ ಮಂದಿ ಕಾಲಿಗೆ ಬೀಳೂ ಮುಂದ ಬಂತಂದ್ರ ತೀರ್ಥ ಅಂತ ಕೈ ಒಡ್ಡ್ಯಾರು."

ಅಂದು ಪುಣೆಯ ಕನ್ನಡಿಗರ ಮಂಡಳಿಯ ಶ್ರಾವಣದ ಊಟ. ಪಾರವ್ವನ ಮಾತಿನಲ್ಲಿ ಒಗ್ಗರಣೆ ಯಾವಾಗಲೂ ಸ್ವಲ್ಪ ಹೆಚ್ಚು. ಅವಳ ಅಡಿಗೆಯಲ್ಲಿಯೂ ಹೆಚ್ಚು, ಅದರ ವಾಸನೆ ಈಗ ಬಾಗಿಲ ಸಂದಿಯಿಂದ ತೂರಿ ಬರುತ್ತಿತ್ತು. ಗಂಡನಿಗೆ ಮಜ್ಜಿಗೆ ಕೊಟ್ಟು ತಾನು ಒಳಗೆ ಬದನೆಕಾಯಿ ಎಣಗಾಯಿ ಮುಂದಿಟ್ಟುಕೊಂಡು ಕೂರುತ್ತಾಳೆ, ರೊಟ್ಟಿ ಮುರಿಯುವ ಸಪ್ಪಳ ಕೇಳಬಾರದೆಂದು ಟೀವಿ ಹಚ್ಚುತ್ತಾಳೆ. ಆ ದಾಕ್ಷಿಣ್ಯ ಅವನಿಗೆ ಬೈಗುಳಕ್ಕಿಂತ ಅಸಹ್ಯವಾಗಿತ್ತು. ಹತ್ತು ದಿನದಿಂದ ಬರೀ ನೀರು, ಮಜ್ಜಿಗೆ, ಬೇಳೆಯ ಕಟ್ಟು. ಪಟ್ಟಿ ಜಾರಿದೆ ಎಂದಿದ್ದಳು ಡಾಕ್ಟರ್ ಪ್ರಫುಲ್ಲಾ, ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು. ಅದರಲ್ಲಿ ಪಟ್ಟಿ ಒಬ್ಬ ಕುಡುಕನ ಸೊಂಟದ ಬೆಲ್ಟಿನಂತೆ ಓರೆಯಾಗಿ ಕಾಣಿಸಿತ್ತು. ಒಳಗಿನ ನೀರನ್ನೆಲ್ಲ ಹೀರಿ ತೆಗೆದರೂ ಅದು ತನ್ನ ಜಾಗಕ್ಕೆ ಮರಳಲಿಲ್ಲ. ಬಿಟ್ಟರೆ ಜಠರ ಕೊಳೆಯುತ್ತದೆ, ನಾಳೆ ತೆಗೆಯಲೇಬೇಕು. ತೆಗೆಯುವುದರಲ್ಲಿ ಎರಡು ದಾರಿ. ಬರೀ ತೆಗೆದರೆ ಹಸಿವೆ ಹಿಂದಿರುಗುತ್ತದೆ, ಹಸಿವೆಯ ಹಿಂದೆ ತೂಕ. ತೆಗೆದು, ಅದೇ ಸಲಕ್ಕೆ ಜಠರವನ್ನೇ ಕತ್ತರಿಸಿ ಅನ್ನದ ದಾರಿ ತಿರುಗಿಸಿ ಹೊಲಿಯುವುದಕ್ಕೂ ಒಪ್ಪಿದರೆ ಹೀಗೆಯೇ ಸಣ್ಣಗೆ ಉಳಿಯಬಹುದು. ಆದರೆ ಆಮೇಲೆ ಹಿಂದಕ್ಕೆ ಬರುವ ದಾರಿಯಿಲ್ಲ. ಅದಕ್ಕೆ ಬೈಪಾಸ್ ಎನ್ನುತ್ತಾರಂತೆ. ಕಾತ್ರಜದ ರಸ್ತೆಗೊಂದು ಬೈಪಾಸ್, ಕರುಳಿಗೊಂದು ಬೈಪಾಸ್, ಎಂದು ಅವನು ನಕ್ಕಿದ್ದ. ಅವಳು ನಗಲಿಲ್ಲ. ಸಣ್ಣಗಾದಂದಿನಿಂದ ಅವನ ಮಾತಿಗೆ ಯಾರೂ ನಗುತ್ತಿರಲಿಲ್ಲ.

ಫೋನು ಬಂತು. "ಕಾಯ್ ಈರಬಸಪ್ಪಾಜೀ, ಠರ್ಲಂ ಕಾ?" ನಿರ್ಧಾರವಾಯಿತೇ ಎಂದು ಕೇಳುವಾಗ ಡಾಕ್ಟರಮ್ಮನ ದನಿ ಪ್ರತಿ ಮಾತಿನ ಕೊನೆಗೆ ಮೂಗಿನೊಳಗೆ ಹೋಗಿ ಮಲಗುತ್ತಿತ್ತು. ಸಂಜೆಯೊಳಗೆ ಹೇಳಬೇಕಂತೆ, ಅದಕ್ಕೆ ತಕ್ಕಂತೆ ತಯಾರಿ. "ಸಾಂಗತೋ, ಸಾಂಗತೋ," ಹೇಳುತ್ತೇನೆ ಎಂದ ಈರಬಸಪ್ಪ. ಫೋನಿಟ್ಟ ಮೇಲೆ ಅದೇ ಮೂಗಿನಲ್ಲಿ, ಅದೇ ಇಳಿಜಾರಿನಲ್ಲಿ "ಠರ್ಲಂ ಕಾ?" ಎಂದು ಕನ್ನಡಿಯನ್ನು ಕೇಳಿದ. ಅನುಕರಣೆ ಚೆನ್ನಾಗಿತ್ತು. ಕೇಳುವವರಿರಲಿಲ್ಲ.

ನಿರ್ಧಾರವಾಗಿದ್ದರೆ ತಾನೇ? ಬರೀ ತೆಗೆಸಬೇಕೆಂದು ನಾಲಿಗೆ ಹೇಳುತ್ತಿತ್ತು. ಹೋಳಿಗೆ, ಮಿರ್ಚಿ ಭಜಿ, ಚಳಿಗಾಲದ ಹಸಿಕಡಲೆ, ನಡುಮಧ್ಯಾಹ್ನ ಅಂಗಡಿಯಲ್ಲಿ ಹಮಾಲರ ಜೊತೆ ಕೂತು ಮುರಿದ ರೊಟ್ಟಿಯ ಮೇಲೆ ಗುರೆಳ್ಳು ಚಟ್ನಿ. ಆದರೆ ಉಣ್ಣುವ ಈರಬಸಪ್ಪನಿಗೆ ಯಾರು ಕೈಮುಗಿಯುತ್ತಾರೆ? ಈ ಪ್ರಶ್ನೆ ತನ್ನೊಳಗೆ ಹುಟ್ಟಿದ್ದಕ್ಕೆ ಅವನಿಗೆ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಸಿಟ್ಟು ಬಂತು, ಸಿಟ್ಟಿನ ಹೊಡೆತಕ್ಕೆ ಮಜ್ಜಿಗೆ ಬಂತು.

ಬಾಯಿ ತೊಳೆದು ಹೊರಬಂದರೆ ಬಾಗಿಲ ಬಳಿ ಸಾಬವ್ವ ಕೂತಿದ್ದಳು, ಗೌಂಡಿ ಧರ್ಮಣ್ಣನ ಹೆಂಡತಿ. ಸೋಫಾ ಇದ್ದರೂ ನೆಲದ ಮೇಲೆ, ಚಪ್ಪಲಿಗಳ ಪಕ್ಕದಲ್ಲಿ. ಗಂಡ ಹೆಂಡಿರು ಯಾದಗಿರಿ ಕಡೆಯಿಂದ ಬಂದವರು. ವಿಮಾನ ನಗರದ ಅರ್ಧ ಕಟ್ಟಡಗಳಿಗೆ ಅವನು ಇಟ್ಟಿಗೆ ಇಟ್ಟಿದ್ದ, ಅವಳು ಇಟ್ಟಿಗೆ ಹೊತ್ತಿದ್ದಳು. ಅವಳು ಎದ್ದು ಈರಬಸಪ್ಪನ ಕಾಲು ಮುಟ್ಟಿದಳು. ಅವನು ಕಾಲು ಹಿಂದೆಗೆಯಲಿಲ್ಲ. ಮಠದ ಸ್ವಾಮಿಗಳನ್ನು ಕರೆದಂತೆ ಜನ ಅವನನ್ನು ಅಪ್ಪೋರು ಎನ್ನತೊಡಗಿದಂದಿನಿಂದ ಹಿಂದೆಗೆಯುವುದು ಮರೆತುಹೋಗಿತ್ತು.

"ಅಪ್ಪೋರ, ಒಂದ್ ಮಾತ್ ಕೇಳ್ಬೇಕಂತ ಬಂದೀನ್ರಿ."

"ಹೇಳವ್ವಾ."

"ನೀವ್ ಅನ್ನಾ ಬಿಟ್ಟೀರಂತ ತಿಳದಾಗಿಂದ ನಮ್ಮ ಮನ್ಯಾಗಿನವ್ರೂ ಬಿಟ್ಟಾರ್ರಿ. ಮದ್ಲ ಎರಡ್ ತುತ್ತರೆ ತಿಂತಿದ್ರು. ಈಗ ಬರೇ ಮಜ್ಜಿಗಿ. ಮೊನ್ನಿ ಐದನೇ ಮಾಳಿಗಿ ಮ್ಯಾಲ ಕಣ್ಣಿಗಿ ಕತ್ತಲಿ ಬಂದು ವಾಲ್ಯಾರ. ಬಾಜೂದಾಂವ ಅಂಗಿ ಹಿಡದು ಎಳಕೊಂಡಾನ್ರಿ. ಅಂಗಿ ಹರದದ, ಮನಶ್ಯಾ ಉಳದಾನ."

ಈಗ ಕೇಳುತ್ತಾಳೆ, ಉಣ್ಣಲು ಹೇಳ್ರಿ ಅನ್ನುತ್ತಾಳೆ, ಹೇಳಿಬಿಟ್ಟರೆ ಮುಗಿಯಿತು ಎಂದುಕೊಂಡ ಈರಬಸಪ್ಪ.

"ಅವ್ರಿಗಿ ಒಂದ್ ಮಂತ್ರ ಹೇಳಿಕೊಡ್ರಿ ಅಪ್ಪೋರ. ಹಸಿವಿ ಆಗ್ಲಾರದಂಥಾದ್ದು. ನಿಮಗ ಹ್ಯಾಂಗ ಆಗಲ್ಲ, ಹಂಗ."

ಒಳಗೆ ಪಾರವ್ವ ಕೆಮ್ಮಿದಳು. ಅದು ಕೆಮ್ಮಲ್ಲ ಎಂದು ಅವನಿಗೆ ಗೊತ್ತಿತ್ತು.

"ನೋಡೋಣವ್ವಾ," ಎಂದ. ಆ ಒಂದು ಮಾತು ಬಾಯಿಂದ ಬರುವಾಗ ದನಿ ತಾನಾಗಿ ಕೆಳಗಿಳಿದು, ಗಂಟಲಲ್ಲಿ ಒಂದು ಮಠವನ್ನೇ ಕಟ್ಟಿಕೊಂಡಿತು. ಸಾಬವ್ವ ಮತ್ತೆ ಕೈಮುಗಿದು ಹೋದಳು. ಎಂಥ ಮಂದಿ, ಎಂದುಕೊಂಡ ಈರಬಸಪ್ಪ. ಬೀಳುವ ಗಂಡನನ್ನು ಹಿಡಿಯಲು ಅಂಗಿ ಗಟ್ಟಿ ಇರಲಿ ಎನ್ನುವುದಿಲ್ಲ, ಮಂತ್ರ ಗಟ್ಟಿ ಇರಲಿ ಎನ್ನುತ್ತಾರೆ. ಈ ತಿರಸ್ಕಾರ ಅವನಿಗೆ ಸ್ವಲ್ಪ ಹೊತ್ತು ಹಿತವಾಗಿತ್ತು, ಬಿಸಿನೀರಿನ ಚೀಲವನ್ನು ಹೊಟ್ಟೆಗೆ ಒತ್ತಿಕೊಂಡಂತೆ.

"ಹೇಳಬಾರದಿತ್ತೇನ್ರಿ?" ಮಂಡಳಿಯ ಊಟಕ್ಕೆ ಹೊರಟ ಕಾರಿನಲ್ಲಿ ಪಾರವ್ವ ಕೇಳಿದಳು. "ಒಂದ್ ಮಾತು. ಹೊಟ್ಟ್ಯಾಗ ರಬ್ಬರ್ ಅದವ್ವಾ ಅಂತ."

"ಸಾಬವ್ವಗ ಹೇಳಿದ್ರ ಮಂಡಳಿಗೆಲ್ಲಾ ಹೇಳಿದಂಗ."

"ಮತ್ತ ಆ ಮನಶ್ಯಾ ಬಿದ್ರ? ಅದನ್ನೂ ಮಂಡಳಿಗೆಲ್ಲಾ ಹೇಳಬೇಕಾಗ್ತದ."

ಯೆರವಡಾ ಜೈಲಿನ ಗೋಡೆ ಕಿಟಕಿಯಾಚೆ ಉದ್ದಕ್ಕೆ ಓಡುತ್ತಿತ್ತು. ಒಳಗಿರುವವರಿಗೆ ದಿನಕ್ಕೆರಡು ಹೊತ್ತು ಊಟವಂತೆ; ಅವನಿಗೆ ಒಂದು ಕ್ಷಣ ಅವರ ಮೇಲೆ ಹೊಟ್ಟೆಕಿಚ್ಚಾಯಿತು, ಹೊಟ್ಟೆಯಲ್ಲಿ ಉಳಿದಿದ್ದದ್ದು ಅದೊಂದೇ ಬೆಂಕಿ. ತಾನೇನು ಮಾಡಿದೆ? ಏನೂ ಮಾಡಲಿಲ್ಲ. ಒಂದು ತಮಾಷೆ ಮಾಡಿದ. ಆಪರೇಷನ್ ಆದ ಮೇಲೆ ಪಂಕ್ತಿಗೆ ಕೂತ ಮೊದಲ ಸಲ ಅದು. ಅದಕ್ಕಿಂತ ಹಿಂದೆ ಈರಬಸಪ್ಪನ ಊಟವೆಂದರೆ ಮಂಡಳಿಗೆ ಅರ್ಧ ಉತ್ಸವ. ಹೆಂಗಸರು ತಟ್ಟೆ ಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ಒಬ್ಬಳು ಗಂಡನ ಹೆಸರಿನಲ್ಲಿ, ಇನ್ನೊಬ್ಬಳು ತವರಿನ ಹೆಸರಿನಲ್ಲಿ, ಆಣೆ ಹಾಕಿ ಹೋಳಿಗೆ ಬಡಿಸಬೇಕು, ಅವನು ಅಂಗೈ ಅಡ್ಡ ಹಿಡಿಯಬೇಕು, ಬೆರಳ ಸಂದಿಯಲ್ಲಿ ಜಾಗ ಬಿಡಬೇಕು. ಉಂಡೆದ್ದು ಯಾರ್ಡಿನ ಹರಾಜಿನವನ ಹಾಗೆ, ರಿಕ್ಷಾದವನ ಹಾಗೆ, ಮಠದ ದೊಡ್ಡ ಅಪ್ಪೋರ ಹಾಗೆ ಮಾತಾಡಬೇಕು. ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಯಾರ ಹೊಟ್ಟೆ ನೋಡಿ ನಗುತ್ತಿದ್ದರು ಎಂದು ಆಗ ಅವನು ಯೋಚಿಸಿರಲಿಲ್ಲ. ಮದುವೆಯೊಂದರಲ್ಲಿ ಪ್ಲಾಸ್ಟಿಕ್ ಕುರ್ಚಿ ಮುರಿದು ಅವನು ಕೆಳಗೆ ಬಿದ್ದಾಗಲೂ ಅಷ್ಟೇ ನಕ್ಕಿದ್ದರು. ಅವನೂ ಬಿದ್ದಲ್ಲಿಂದಲೇ ಕುರ್ಚಿಯ ದನಿಯಲ್ಲಿ "ಸತ್ನ್ಯೋ ಯಪ್ಪಾ" ಎಂದಿದ್ದ. ಮರುದಿನ ಆಸ್ಪತ್ರೆಗೆ ಹೋಗಿ ಹೆಸರು ಬರೆಸಿದ್ದ.

ಆ ಮೊದಲ ಸಲ ಬಡಿಸುವವಳು "ಯಾಕ್ರೀ ಸಾವಕಾರ್ರ, ಹೋಳಗಿ ಮ್ಯಾಲ ಸಿಟ್ಟೇನು?" ಎಂದಾಗ, ಗಂಟಲಲ್ಲಿ ಮೂರನೆಯ ತುತ್ತು ಸಿಕ್ಕಿ ಕಣ್ಣಲ್ಲಿ ನೀರು ತುಂಬಿತ್ತು. ಮುಚ್ಚಿಕೊಳ್ಳಲು ಕಣ್ಣುಮುಚ್ಚಿ, ಮಠದ ದನಿ ತೆಗೆದು, ಅಲ್ಲೇ ಹೊಸೆದು ಹೇಳಿದ: "ಉಂಡವರು ಉಂಡೇ ಹೋದರು, ತಾಯಿ. ನಾವು ಕಂಡು ಹೋಗೋಣು." ನಗುವಿಗೆ ಕಾದ. ನಗು ಬರಲಿಲ್ಲ. ಕಣ್ಣು ತೆರೆದರೆ ಪಂಕ್ತಿಯೇ ಸುಮ್ಮನಾಗಿತ್ತು. ಕಂಠ ಹಳೆಯದೇ, ಕಾಯ ಬೇರೆಯಾಗಿತ್ತು. ಮುಚ್ಚಿದ ಕಣ್ಣಿನಿಂದ ಇಳಿದ ನೀರನ್ನು ಎಲ್ಲರೂ ಕಂಡಿದ್ದರು. ಪಂಕ್ತಿಯ ತುದಿಯಲ್ಲಿ ಧರ್ಮಣ್ಣ ಬಾಯಿಗೊಯ್ದ ಹೋಳಿಗೆಯನ್ನು ಎಲೆಗಿಟ್ಟು ಕೈಮುಗಿದ. ವಾಂತಿ ತಡೆಯಲಾರದೆ ಈರಬಸಪ್ಪ ಎದ್ದು ಬಚ್ಚಲಿಗೆ ಹೋದದ್ದು ಧ್ಯಾನಕ್ಕೆ ಹೋದಂತಾಯಿತು. ಹೊಟ್ಟೆಗೆ ಪಟ್ಟಿ ಕಟ್ಟಿಸಿಕೊಂಡವನಿಗೆ ಜನ ಪಟ್ಟ ಕಟ್ಟಿದರು. ಮುಂದಿನ ಸಲ ಧರ್ಮಣ್ಣನ ಎಲೆ ತುದಿಯಿಂದ ಎದ್ದುಬಂದು ಅವನ ಪಕ್ಕಕ್ಕೆ ಬಿತ್ತು. ಗೌಂಡಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡ ಸಾಹುಕಾರ ಎಂದು ಅದಕ್ಕೂ ಹೊಗಳಿದರು.

ಮಂಡಳಿ ಬಾಡಿಗೆಗೆ ಹಿಡಿದ ಶಾಲೆಯ ಹಾಲಿನಲ್ಲಿ ಒದ್ದೆ ಚಪ್ಪಲಿಗಳ ವಾಸನೆಯೂ ಹೂರಣದ ವಾಸನೆಯೂ ಒಂದನ್ನೊಂದು ತಳ್ಳಾಡುತ್ತಿದ್ದವು. ಕಾರ್ಯದರ್ಶಿ ಮಾಂತು ಮಳೆಯಲ್ಲಿ ಕಾರಿನವರೆಗೆ ಓಡಿಬಂದು ಛತ್ರಿ ಹಿಡಿದ. ಅವನು ವಿಮಾ ಕಚೇರಿಯ ಕಾರಕೂನ. ಯಾರ ಜೊತೆ ಮಾತಾಡಿದರೂ ಅವರು ಇವತ್ತೇ ಸಾಯುತ್ತಾರೆಂಬಂಥ ಮರ್ಯಾದೆ ಅವನ ಮುಖದಲ್ಲಿರುತ್ತಿತ್ತು.

"ಅಪ್ಪೋರ, ನಾಳಿಂದ ಲೋಣಾವಳಾದಾಗ ಮೌನ ಅಂತಲ್ರಿ? ಅಕ್ಕಾರು ಹೇಳಿದ್ರು. ಹಂಗಾರ ಇವತ್ತ ಊಟಕ್ಕಿಂತ ಮದ್ಲ ಎರಡ್ ನುಡಿ ಆಗ್ಬೇಕ್ರಿ."

ಈರಬಸಪ್ಪ ಹೆಂಡತಿಯನ್ನು ನೋಡಿದ. ಪಾರವ್ವ ಮಳೆಯನ್ನು ನೋಡಿದಳು. ಮೌನದ ಸುಳ್ಳು ಅವನದೇ, ಆಸ್ಪತ್ರೆಗೆ ಹೋಗುವವನಿಗೆ ಯಾರೂ ಫೋನು ಮಾಡಬಾರದೆಂದು. ಹರಡಿದ್ದು ಮಾತ್ರ ಅವಳು, ಮಾಡಿದ ಅಡಿಗೆಗೆ ಉಪ್ಪು ಉದುರಿಸಿದಂತೆ. ಕಾಲು ಮುಟ್ಟುವವರು ಮುಟ್ಟಿದರು. ಬಗ್ಗಿದ ತಲೆಗಳ ಎಣ್ಣೆ, ಬೋಳು, ಬಣ್ಣ ಹಚ್ಚಿದ ಬೈತಲೆಗಳನ್ನು ಅವನು ಮೇಲಿನಿಂದ ನೋಡುತ್ತಿದ್ದ. ಮನುಷ್ಯರು ಮೇಲಿನಿಂದ ಇಷ್ಟು ಹೀನವಾಗಿ ಕಾಣುತ್ತಾರೆಂದು ದೇವರಿಗೆ ಗೊತ್ತಿದ್ದೇ ಅವನು ಕೆಳಗೆ ಬರುವುದಿಲ್ಲ. ಇದನ್ನು ಕಳೆದುಕೊಳ್ಳಲೇ? ಬೈಪಾಸೇ ಆಗಲಿ, ಸಂಜೆ ಹೇಳಿಬಿಡುತ್ತೇನೆ. ಎರಡು ತುತ್ತಿನಲ್ಲಿ ಸಾಯುವವರೆಗೂ ಬದುಕಬಹುದು. ಈ ಮೂರ್ಖರು ಇರುವವರೆಗೂ ಬದುಕಬಹುದು.

ಧರ್ಮಣ್ಣ ಆಗಲೇ ಕೂತಿದ್ದ, ಈರಬಸಪ್ಪನ ಜಾಗದ ಪಕ್ಕದಲ್ಲಿ, ಬೆನ್ನು ನೆಟ್ಟಗೆ. ಸಿಮೆಂಟಿಗೆ ಸೀಳಿದ ದೊಡ್ಡ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡಿದ್ದ, ಯಾರೋ ಮರೆತುಹೋದ ಸಾಮಾನಿನಂತೆ. ಕೊರಳ ಎಲುಬು ಎದ್ದಿತ್ತು. ತುಟಿ ಬೆಳ್ಳಗೆ. ಈ ಮನುಷ್ಯ ಒಂದು ಕಾಲಕ್ಕೆ ಪಂಕ್ತಿಯ ತುದಿಯಲ್ಲಿ, ಯಾರೂ ನೋಡದಿರುವಾಗ, ಈರಬಸಪ್ಪನಿಗಿಂತ ಎರಡು ಹೋಳಿಗೆ ಹೆಚ್ಚು ತಿನ್ನುತ್ತಿದ್ದ. ಅದು ಗೊತ್ತಿದ್ದವನು ಈರಬಸಪ್ಪನೊಬ್ಬನೇ.

"ಹ್ಯಾಂಗದೀ ಧರ್ಮಣ್ಣಾ?"

"ನಿಮ್ಮ ಆಶೀರ್ವಾದ್ರಿ." ಆಮೇಲೆ ಪಿಸುಗುಟ್ಟಿದ: "ಹೂರಣದ ವಾಸನಿ ಬರ್ಲಿಕತ್ತದ್ರಿ ಅಪ್ಪೋರ. ಬಾಯಾಗ ನೀರ್ ಬರ್ತದ. ನುಂಗಿದ್ರ ತಪ್ಪಾಗ್ತದೇನ್ರಿ?"

ಈರಬಸಪ್ಪನ ಬಾಯಲ್ಲಿಯೂ ಅದೇ ನೀರು ತುಂಬಿತ್ತು. ಅವನು ಅದನ್ನು ಯಾರನ್ನೂ ಕೇಳದೆ ನುಂಗಿದ. ಥೂ, ಎಂದುಕೊಂಡ. ಯಾರಿಗೆ ಅಂದದ್ದು ತಿಳಿಯಲಿಲ್ಲ. ಧರ್ಮಣ್ಣನನ್ನು ಹೀನೈಸಲು ಒಂದು ಮಾತು ಹುಡುಕಿದ, ಯಾವಾಗಲೂ ಸಿಗುತ್ತಿದ್ದದ್ದು ಈ ಸಲ ಸಿಗಲಿಲ್ಲ. ಜೇಬಿನಲ್ಲಿ ಕೈಯಿಟ್ಟು ಕೀಲಿ ಸಿಗದವನಂತೆ ಗಾಬರಿಯಾದ. ಅಷ್ಟರಲ್ಲಿ ಮಾಂತು ಮೈಕು ತಂದು ಬಾಯಿಗೆ ಹಿಡಿದ.

ಏಳುವಾಗ ಈರಬಸಪ್ಪನಿಗೆ ಏನು ಹೇಳುತ್ತೇನೆಂದು ಗೊತ್ತಿರಲಿಲ್ಲ. ಬಾಯಿ ತೆರೆದರೆ ಬಂದದ್ದು ಮೂಗಿನ ದನಿ.

"ಕಾಯ್ ಈರಬಸಪ್ಪಾಜೀ, ಠರ್ಲಂ ಕಾ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಾಂತು ಮುಖ ಗಂಟಿಕ್ಕಿದ.

"ಇಕಿ ನಮ್ಮ ಡಾಕ್ಟರ್ ಬಾಯಿ," ಎಂದ ಈರಬಸಪ್ಪ. "ಎಕ್ಸ್‌ರೇ ಹಿಡದು ಹಿಂಗ ನೋಡ್ತಾಳ, ನಾರಿ ಸೀರಿ ಆರಿಸಿದಂಗ. 'ಅರೇರೇ, ಪಟ್ಟಾ ಘಸರಲಾ!' ಪಟ್ಟಿ ಜಾರೇದಂತ. ಯಾ ಪಟ್ಟಿ? ನನ್ನ ಹೊಟ್ಟಿಗಿ ಕಟ್ಟಿದ್ದು. ಎರಡ್ ವರ್ಷಾತು." ಆಮೇಲೆ ತಾನೇ ತಾನಾದ: ಎರಡು ತುತ್ತು ಜಗಿದ, ಮೂರನೆಯದಕ್ಕೆ ಕಣ್ಣು ಹೊರಗೆ ತಂದ, ಗಂಭೀರವಾಗಿ ಕಣ್ಣುಮುಚ್ಚಿದ, ಶಲ್ಯ ಸರಿಪಡಿಸಿಕೊಂಡು ಮಹಾತ್ಮನ ನಡಿಗೆಯಲ್ಲಿ ನಾಲ್ಕು ಹೆಜ್ಜೆ ಹೋಗಿ, ಮೈಕಿಗೆ ಬಾಯಿಟ್ಟು ಕಾರಿಕೊಳ್ಳುವ ಸಪ್ಪಳ ಮಾಡಿದ. ಸ್ಪೀಕರುಗಳೆರಡೂ ಓಕರಿಸಿದವು. ಇಡೀ ಹಾಲೇ ನಕ್ಕಿತು. ಎರಡು ವರ್ಷದ ಮೇಲೆ ಆ ಸದ್ದು; ಅವನ ಮೈ ಅದನ್ನು ಬಾಯಾರಿದ ಎತ್ತಿನಂತೆ ಹೀರಿತು. ಆದರೆ ನಗುತ್ತಿದ್ದವರ ಮುಖ ನೋಡಿದರೆ ಅವರು ನಂಬಿರಲಿಲ್ಲ. ಅಪ್ಪೋರು ಲೀಲೆ ಮಾಡುತ್ತಿದ್ದಾರೆ ಎಂದು ನಗುತ್ತಿದ್ದರು. ಒಬ್ಬಳಂತೂ ನಗುತ್ತಲೇ ಕೈಮುಗಿದಿದ್ದಳು.

ಧರ್ಮಣ್ಣ ನಕ್ಕಿರಲಿಲ್ಲ. ಅವನು ಮುಖವೆತ್ತಿ ಈರಬಸಪ್ಪನನ್ನು ನೋಡುತ್ತಿದ್ದ, ಐದನೇ ಮಾಳಿಗೆಯಿಂದ ಕೆಳಗೆ ನೋಡಿದವನ ಮುಖದಲ್ಲಿ.

ಈರಬಸಪ್ಪ ಮೈಕನ್ನು ಮಾಂತುವಿನ ಕೈಗೆ ತುರುಕಿ ಕೂತ. ಅಂಗಿಯ ಗುಂಡಿ ಬಿಚ್ಚಿದ. ಸಿಮೆಂಟಿನ ಆ ಕೈಯನ್ನು ಹಿಡಿದೆಳೆದು ಹೊಟ್ಟೆಯ ಎಡಬದಿಗೆ ಒತ್ತಿಕೊಂಡ. ಬೆರಳುಗಳು ಚರ್ಮದ ಕೆಳಗಿನ ಬಿಲ್ಲೆಯನ್ನು ಕಂಡುಕೊಂಡವು, ನಿಂತವು. ಧರ್ಮಣ್ಣನ ಇನ್ನೊಂದು ಕೈ ತಾನಾಗಿ ತನ್ನ ಕೊರಳಿನ ಲಿಂಗದ ಕರಡಿಗೆಗೆ ಹೋಯಿತು.

"ಶಿವ ಶಿವಾ," ಎಂದ ಧರ್ಮಣ್ಣ. "ಲಿಂಗಪ್ಪ ಒಳಗ ಇಳದಾನೇನ್ರಿ?"

ಇದು ಕಡೆಯ ಬಾಗಿಲು. ಹೌದು ಎಂದರೆ ಸಾಕು. ನಾಳೆ ಬೈಪಾಸ್, ನಾಡಿದ್ದು ದೇವರು. ಮಾಂತು ಬಗ್ಗಿ ಕಿವಿಗೊಟ್ಟಿದ್ದ. ಪಾರವ್ವ ಹೆಂಗಸರ ಸಾಲಿನಿಂದ ಎದ್ದು ನಿಂತಿದ್ದಳು.

"ಇಲ್ಲೋ ಮಾರಾಯಾ," ಎಂದ ಈರಬಸಪ್ಪ. ಈ ಸಲ ಯಾರ ದನಿಯೂ ಸಿಗಲಿಲ್ಲ, ಒಡೆದ ಸಣ್ಣದೊಂದು ದನಿ ಇತ್ತು, ಅದರಲ್ಲಿಯೇ ಹೇಳಿದ. "ಫಾರಿನ್ ಮಾಲು. ಗ್ಯಾರಂಟಿ ಕಾರ್ಡು ಮನ್ಯಾಗದ. ಹೊಟ್ಟಿ ಬಿಗ್ಯಾಕ ರಬ್ಬರ್ ಹಾಕ್ಸಿದ್ದೆ, ಅನ್ನ ಇಳೀತಿದ್ದಿಲ್ಲ. ಈಗ ನೀರೂ ಇಳಿವಲ್ದು. ನಾಳೆ ತಗಸಿ ಒಗೀತೀನಿ, ಬ್ಯಾರೆ ಏನೂ ಹಾಕ್ಸಂಗಿಲ್ಲ. ತಪಾ ಇಲ್ಲ, ಏನಿಲ್ಲ. ಚಾಷ್ಟಿ ಮಾಡಿದ್ದೆ, ನೀವು ನಂಬಿದ್ರಿ. ಉಣ್ಣೋ ಧರ್ಮಣ್ಣಾ. ನಿನ್ನ ಕಾಲ ಬೀಳ್ತೀನಿ, ಉಣ್ಣು."

ಮಾಂತುವಿನ ಕೈಯಲ್ಲಿ ಮೈಕು ತೆರೆದೇ ಇತ್ತು. ಎಲ್ಲರಿಗೂ ಕೇಳಿಸಿತ್ತು. ಈರಬಸಪ್ಪ ಬೈಗುಳಕ್ಕೆ ಮೈ ಬಿಗಿಹಿಡಿದು ಕಾದ. ಧರ್ಮಣ್ಣ ಕೈ ಎತ್ತಿದರೂ ಎತ್ತಲಿ, ಈ ಕೈ ಎತ್ತಿದರೆ ಹಲ್ಲು ಉಳಿಯುವುದಿಲ್ಲ.

ಧರ್ಮಣ್ಣ ಬಿಲ್ಲೆಯನ್ನು ಇನ್ನೊಮ್ಮೆ ಒತ್ತಿ ನೋಡಿದ, ಇಟ್ಟಿಗೆ ಕೂತಿದೆಯೋ ಇಲ್ಲವೋ ನೋಡುವಂತೆ.

"ಹಂಗಾರ ನಿಮಗ ಹಸಿವಿ ಆಗ್ತಿತ್ತೇನ್ರಿ, ಸಾವಕಾರ್ರ?"

"ಜೀವಾ ಹೋಗುವಷ್ಟು."

ಮೊದಲು ಅವನ ಹೆಗಲು ಅಲುಗಿತು. ಅಳುತ್ತಾನೆ ಎಂದುಕೊಂಡಳು ಸಾಬವ್ವ, ಎದ್ದು ಬರತೊಡಗಿದಳು. ಆಮೇಲೆ ಆ ಬೆಳ್ಳಗಿನ ತುಟಿ ಸೀಳಿ ಹೊರಬಿದ್ದದ್ದು ನಗು, ಖಾಲಿ ಹೊಟ್ಟೆಯಿಂದ ಬಂದದ್ದಕ್ಕೆ ಹಂಡೆಯೊಳಗಿನ ಸದ್ದಿನಂತೆ ಗುಡುಗುವ ನಗು. "ಯವ್ವಾ ಸಾಬೀ, ಕೇಳಿದೇನ? ಹಸಿವಿ ನಿಲ್ಲವಲ್ದು, ನಾ ಎಂಥಾ ಪಾಪಿ, ನಾ ಎಂಥಾ ಪಾಪಿ ಅಂತ ಗ್ವಾಡಿಗಿ ತಲಿ ಬಡಕೊಂಡು ಅತ್ತೀನಿ! ಪಾಪಾ ಅಲ್ಲಽ ಅದು! ನನಗ ರಬ್ಬರ್ ಇದ್ದಿಲ್ಲ! ಬರೇ ರಬ್ಬರ್ ಇದ್ದಿಲ್ಲ!"

ಸಾಬವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅವನ ಬೆನ್ನಿಗೆ ಗುದ್ದಿದಳು. ಪಾರವ್ವ ನಕ್ಕಳು, ಈ ಸಲ ಕೆಮ್ಮಲಿಲ್ಲ. ಆಮೇಲೆ ಅಲ್ಲೊಬ್ಬರು ಇಲ್ಲೊಬ್ಬರು, ಯಾರ ಮೇಲೆ ನಗುತ್ತಿದ್ದೇವೆಂದು ತಿಳಿಯದವರೂ. ಈರಬಸಪ್ಪನೂ ನಗಲು ಹೋದ. ಪಕ್ಕೆಯಲ್ಲಿ ಚುಚ್ಚಿ, ಅರ್ಧಕ್ಕೆ ನಿಲ್ಲಿಸಿ, ಬಿಚ್ಚಿದ ಅಂಗಿಯಲ್ಲಿ ಬಗ್ಗಿ ಕೂತ. ಅವನನ್ನು ಯಾರೂ ನೋಡುತ್ತಿರಲಿಲ್ಲ. ತುಪ್ಪ ಬಡಿಸುವವಳು ಧರ್ಮಣ್ಣನ ಎಲೆಯ ಮುಂದೆ ಚಮಚ ಎತ್ತಿ ನಿಂತಿದ್ದಳು. ಅವನು ಹೋಳಿಗೆಯನ್ನು ಎರಡೂ ಕೈಯಿಂದ ಹಿಡಿದು ನಗುತ್ತಿದ್ದ, ತುಪ್ಪ ಎಲ್ಲಿ ಸುರಿಯಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ. "ಸುಮ್ನ ಕೂಡ್ರೋ ಅಣ್ಣಾ, ನಗೂದ ನಿಲ್ಸು, ಚೆಲ್ಲತದ," ಎಂದು ಅವಳು ಬೇಡಿಕೊಂಡಷ್ಟೂ ಇಡೀ ಹಾಲಿನಲ್ಲಿ ಎಲ್ಲರಿಗಿಂತ ಜೋರಾಗಿ ಅವನೇ ನಗುತ್ತಿದ್ದ.